ಮೀಟರಿನಲ್ಲಿ 38 ಸಾವಿರ, ಜಾಬ್ ಕಾರ್ಡಿನಲ್ಲಿ 92 ಸಾವಿರ

ವಾಹನ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯವನ್ನು ಕುರಿತವು. ಹಳೆ ಕಾರು ಕೊಳ್ಳುವಾಗ ಓಡೋಮೀಟರಿನ (ಓಡಿದ ದೂರ ತೋರಿಸುವ ಮೀಟರಿನ) ಸಂಖ್ಯೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ನಂಬಿ ಮೋಸಹೋದವರಿಗೆ ದಾರಿ ಯಾವುದು ಎಂಬುದೇ ಆ ವಿಷಯ. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಈ ನಾಲ್ಕನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಪತ್ರ ಬರೆದವರ ಕೋರಿಕೆಯಂತೆ ಅವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ದೀಪಾವಳಿಯ ಹೊತ್ತಿಗೆ ಹಳೆ ಕಾರುಗಳನ್ನು ಮಾರುವ ಮಳಿಗೆಯೊಂದರಲ್ಲಿ 2017ರ ಮಾದರಿಯ ಪೆಟ್ರೋಲ್ ಕಾರೊಂದನ್ನು 4 ಲಕ್ಷ 35 ಸಾವಿರ ರೂಪಾಯಿಗೆ ಕೊಂಡೆವು. ನಿವೃತ್ತರಾದ ತಂದೆಯವರು ತಮ್ಮ ಉಳಿತಾಯದ ಹಣದಲ್ಲಿ ಕೊಡಿಸಿದರು. ಮೀಟರಿನಲ್ಲಿ 38,200 ಕಿಲೋಮೀಟರ್ ಇತ್ತು, ಜಾಹೀರಾತಿನಲ್ಲಿಯೂ ಅದೇ ಸಂಖ್ಯೆಯಿತ್ತು. ‘ಒಬ್ಬರೇ ಮಾಲೀಕರು, ವಾರಕ್ಕೊಮ್ಮೆ ತೆಗೆಯುತ್ತಿದ್ದರು’ ಎಂದೂ ಹೇಳಿದರು. ಹೋದ ತಿಂಗಳು ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಒಯ್ದಾಗ ಅಲ್ಲಿನವರು ನೋಂದಣಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ನೋಡಿ ಮೌನವಾದರು. 2022ರ ಆಗಸ್ಟ್ ತಿಂಗಳ ಜಾಬ್ ಕಾರ್ಡಿನಲ್ಲಿ, ಎಂದರೆ ಸರ್ವೀಸಿಗೆ ಬಂದ ದಿನ ಬರೆದ ದಾಖಲೆಯಲ್ಲಿ, 92,640 ಎಂದಿತ್ತು. ಮಾರಿದವರನ್ನು ಕೇಳಿದರೆ, ‘ನಮ್ಮ ಬಳಿಗೆ ಬಂದಾಗಲೇ ಹಾಗಿತ್ತು, ಇದ್ದ ಸ್ಥಿತಿಯಲ್ಲಿ ಒಪ್ಪಿ ಕೊಂಡಿದ್ದೇನೆಂದು ನೀವೇ ಸಹಿ ಹಾಕಿದ್ದೀರಿ’ ಎನ್ನುತ್ತಾರೆ. ತಂದೆಯವರು, ‘ನಾನೇ ಸರಿಯಾಗಿ ನೋಡಲಿಲ್ಲ’ ಎಂದು ದಿನವೂ ಕೊರಗುತ್ತಿದ್ದಾರೆ. ಹಣ ವಾಪಸು ಬರುವುದೇ? — ವಿಜಯನಗರದ ಓದುಗರು

ಉತ್ತರ: ಮೊದಲು ನಿಮ್ಮ ತಂದೆಯವರಿಗೆ ಒಂದು ಮಾತು. ಮೀಟರಿನ ಸಂಖ್ಯೆ ಸುಳ್ಳೆಂದು ಬರಿಗಣ್ಣಿನಿಂದ ನೋಡಿ ಹೇಳುವುದು, ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವಿಮಾ ಸರ್ವೇಯರ್ ಆಗಿ ಅಪಘಾತದ ವಾಹನಗಳನ್ನು ಪರಿಶೀಲಿಸಿದ ನನ್ನಿಂದಲೂ ಆಗದ ಕೆಲಸ. ಹಲ್ಲುಚಕ್ರಗಳಿದ್ದ ಹಳೆಯ ಮೀಟರುಗಳಲ್ಲಿ ಹಿಂದಕ್ಕೆ ತಿರುಗಿಸಿದ ಅಂಕಿಗಳು ಎಷ್ಟೋ ವೇಳೆ ಸಾಲು ತಪ್ಪಿ ಓರೆಯಾಗಿ ನಿಲ್ಲುತ್ತಿದ್ದವು, ಅಷ್ಟರಿಂದಲೇ ಅನುಮಾನ ಹುಟ್ಟುತ್ತಿತ್ತು. ಈಗಿನ ಡಿಜಿಟಲ್ ಮೀಟರಿನಲ್ಲಿ ಆ ಸಂಖ್ಯೆ ಮೀಟರ್ ಬೋರ್ಡಿನ ಒಳಗಿರುವ ಚಿಕ್ಕ ಮೆಮೊರಿ ಚಿಪ್ಪಿನಲ್ಲಿರುತ್ತದೆ. ಬೋರ್ಡನ್ನು ಬಿಚ್ಚಿಯೋ ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಉಪಕರಣ ಜೋಡಿಸಿಯೋ ಬೇರೆ ಸಂಖ್ಯೆ ಬರೆದರೆ, ಪರದೆಯ ಮೇಲೆ ಅದರ ಗುರುತೇ ಉಳಿಯುವುದಿಲ್ಲ. ಆದ್ದರಿಂದ ಅವರು ನೋಡಿದ್ದರಲ್ಲಿ ತಪ್ಪಿಲ್ಲ. ಅವರಿಗೆ ತೋರಿಸಿದ್ದೇ ಸುಳ್ಳು.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಎಲ್ಲಕ್ಕಿಂತ ಮುಂಚೆ, ಮೀಟರ್ ಬೋರ್ಡನ್ನು ಯಾರಿಂದಲೂ ಬಿಚ್ಚಿಸಬೇಡಿ, ಬದಲಿಸಬೇಡಿ, ‘ಸರಿಯಾದ ಸಂಖ್ಯೆ ಕೂರಿಸಿಕೊಡುತ್ತೇವೆ’ ಎನ್ನುವವರ ಕೈಗೆ ಕೊಡಬೇಡಿ, ಏಕೆಂದರೆ ನಿಮ್ಮ ಪಾಲಿಗೆ ಅದೇ ಮುಖ್ಯ ವಸ್ತುಸಾಕ್ಷ್ಯ. ಸರ್ವೀಸ್ ಕೇಂದ್ರಕ್ಕೆ ಲಿಖಿತ ಮನವಿ ಕೊಟ್ಟು, ಆರ್‌ಸಿ ಈಗ ನಿಮ್ಮ ಹೆಸರಿನಲ್ಲಿರುವುದನ್ನು ತೋರಿಸಿ, ಚಾಸಿ ಸಂಖ್ಯೆ ನಮೂದಾಗಿರುವ ಪೂರ್ತಿ ಸರ್ವೀಸ್ ಹಿಸ್ಟರಿಯ ಪ್ರತಿಯನ್ನು ಮೊಹರು ಮತ್ತು ಸಹಿಯೊಂದಿಗೆ ಪಡೆಯಿರಿ. ಪರದೆಯ ಫೋಟೋ ಮಾತ್ರ ಇದ್ದರೆ ಎದುರು ಪಕ್ಷದವರು ಅದನ್ನು ಸುಲಭವಾಗಿ ಅಲ್ಲಗಳೆಯಬಹುದು. ಕಾರಿನ ಜಾಹೀರಾತು ಇನ್ನೂ ಉಳಿದಿದ್ದರೆ ಇಂದೇ ಅದರ ಚಿತ್ರ ತೆಗೆದಿಡಿ, ನಾಳೆ ಅದು ಮಾಯವಾಗಬಹುದು. ಮಾರಿದವರೊಂದಿಗೆ ನಡೆದ ವಾಟ್ಸ್‌ಆ್ಯಪ್ ಮಾತುಕತೆಯನ್ನು ಅಳಿಸಬೇಡಿ, ಆ ಮಾತುಕತೆಯಿರುವ ಫೋನನ್ನೂ ವಿಲೇವಾರಿ ಮಾಡಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ಇಂಥ ವಿದ್ಯುನ್ಮಾನ ದಾಖಲೆಗಳ ಜೊತೆ ಪ್ರಮಾಣಪತ್ರ ಒದಗಿಸಬೇಕಾಗುತ್ತದೆ, ಆಗ ಮೂಲ ಫೋನು ಕೈಯಲ್ಲಿರುವುದು ಒಳ್ಳೆಯದು.

ಇದರ ನಡುವೆ ಕಾರಿನ ಸುರಕ್ಷತೆಯನ್ನು ಮರೆಯಬಾರದು. 2022ರಲ್ಲೇ 92 ಸಾವಿರ ದಾಟಿದ್ದ ಕಾರು ಈಗ ಲಕ್ಷವನ್ನೂ ಮೀರಿ ಓಡಿರುವ ಸಂಭವವೇ ಹೆಚ್ಚು. 40 ಸಾವಿರದ ಕಾರೆಂದು ತಿಳಿದು ಬ್ರೇಕ್, ಕ್ಲಚ್, ಕೂಲಂಟ್, ಬೆಲ್ಟುಗಳನ್ನು ನೋಡದೆ ಬಿಟ್ಟರೆ ಅಪಾಯ ನಿಮ್ಮ ಮನೆಯವರಿಗೇ. ಪರಿಣತರೊಬ್ಬರಿಂದ ಕಾರನ್ನು ಪರೀಕ್ಷೆ ಮಾಡಿಸಿ, ಈಗಿರುವ ಸ್ಥಿತಿಯನ್ನು ಬರಹದಲ್ಲಿ ಪಡೆದ ನಂತರ, ತುರ್ತಾಗಿ ಬದಲಿಸಲೇಬೇಕಾದ ಬಿಡಿಭಾಗಗಳನ್ನು ಬದಲಿಸಿ, ಬಿಲ್ಲನ್ನು ಇಟ್ಟುಕೊಳ್ಳಿ. ತೆಗೆದ ಹಳೆಯ ಭಾಗಗಳನ್ನೂ ಒಂದು ಚೀಲದಲ್ಲಿ ಎತ್ತಿಡಿ, ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ.

ಇನ್ನು ಮಾರಿದವರ ಎರಡು ವಾದಗಳು. ‘ಇದ್ದ ಸ್ಥಿತಿಯಲ್ಲಿ’ ಎಂಬ ಷರತ್ತು, ಕೊಂಡವರು ಕಣ್ಣಾರೆ ಕಂಡ ಗೀರು, ತಗ್ಗು, ಸವೆತಗಳ ಬಗ್ಗೆ ಆಮೇಲೆ ತಕರಾರು ತೆಗೆಯದಿರಲಿ ಎಂದು ಹಾಕುವಂಥದು. ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ಆ ಒಂದು ಸಾಲು ಸಕ್ರಮಗೊಳಿಸಲಾರದು. ಭಾರತೀಯ ಕರಾರು ಕಾಯ್ದೆ, 1872ರ ಕಲಂ 17 ವಂಚನೆಯೆಂದರೇನು ಎಂಬುದನ್ನು ಹೇಳುತ್ತದೆ, ಕಲಂ 19ರಂತೆ ವಂಚನೆಯಿಂದಲೋ ತಪ್ಪು ನಿರೂಪಣೆಯಿಂದಲೋ ಪಡೆದ ಒಪ್ಪಿಗೆಯ ಕರಾರನ್ನು ಮೋಸಹೋದವರು ರದ್ದುಪಡಿಸಬಹುದು. ಎದುರು ಪಕ್ಷದ ವಕೀಲರು ಇದೇ ಕಲಂ 19ರಲ್ಲಿರುವ ಒಂದು ವಿನಾಯಿತಿಯನ್ನು ಎತ್ತಬಹುದು: ಸಾಮಾನ್ಯ ಎಚ್ಚರಿಕೆ ವಹಿಸಿದ್ದರೆ ಸತ್ಯ ತಿಳಿಯುವ ಮಾರ್ಗವಿದ್ದಾಗ ಕರಾರನ್ನು ರದ್ದುಪಡಿಸಲಾಗದು, ನೀವು ಮೊದಲೇ ಸರ್ವೀಸ್ ಕೇಂದ್ರದಲ್ಲಿ ವಿಚಾರಿಸಬಹುದಿತ್ತು ಎಂದು. ಆ ವಿನಾಯಿತಿ ಅನ್ವಯಿಸುವುದು ತಪ್ಪು ನಿರೂಪಣೆಗೆ ಮತ್ತು ಮೌನದಿಂದಾದ ವಂಚನೆಗೆ; ಸುಳ್ಳೆಂದು ಗೊತ್ತಿದ್ದೂ ಬಾಯಿಬಿಟ್ಟು ಹೇಳಿದ ವಂಚನೆಗೆ ಅದು ರಕ್ಷಣೆ ಕೊಡುವುದಿಲ್ಲ. ನಿಮ್ಮ ಜಾಹೀರಾತಿನಲ್ಲಿ 38,200 ಎಂಬ ಸಂಖ್ಯೆ ಅಚ್ಚಾಗಿರುವುದಕ್ಕೆ ಇಷ್ಟು ಬೆಲೆ ಇರುವುದು ಇದಕ್ಕಾಗಿಯೇ. ಮೀಟರಿನ ಸಂಖ್ಯೆಯನ್ನು ಮಾರುವವರು ತಮ್ಮ ಮಾತಿನಲ್ಲಿ ಹೇಳಿದ ಕ್ಷಣವೇ ಅದು ಯಂತ್ರದ ಸಂಖ್ಯೆಯಾಗಿ ಉಳಿಯದೆ ಅವರ ಹೇಳಿಕೆಯಾಗುತ್ತದೆ, ಆ ಹೇಳಿಕೆಗೆ ಅವರು ಹೊಣೆಗಾರರಾಗುತ್ತಾರೆ.

‘ನಮ್ಮ ಬಳಿಗೆ ಬಂದಾಗಲೇ ಹಾಗಿತ್ತು’ ಎಂಬ ಎರಡನೆಯ ವಾದಕ್ಕೆ ಈಗ ಮೊದಲಿನ ಬಲವಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2022ರ ಡಿಸೆಂಬರಿನಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಂತೆ ನೋಂದಾಯಿತ ವಾಹನಗಳನ್ನು ಕೊಂಡು ಮಾರುವ ಡೀಲರು ನೋಂದಣಿ ಪ್ರಾಧಿಕಾರದಿಂದ ಅಧಿಕಾರಪತ್ರ ಪಡೆದಿರಬೇಕು. ವಾಹನವು ಅವರ ವಶಕ್ಕೆ ಬಂದುದನ್ನು ಹಿಂದಿನ ಮಾಲೀಕರು ಪ್ರಾಧಿಕಾರಕ್ಕೆ ತಿಳಿಸಬೇಕು, ಅಲ್ಲಿಂದ ಮುಂದೆ ಡೀಲರನ್ನೇ ಮಾಲೀಕರೆಂದು ಪರಿಗಣಿಸಲಾಗುತ್ತದೆ. ವಾಹನವು ಅವರ ಬಳಿ ಇರುವಷ್ಟು ಕಾಲ ಅದನ್ನು ಯಾರು, ಯಾವ ಕಾರಣಕ್ಕೆ, ಎಷ್ಟು ಕಿಲೋಮೀಟರ್ ಓಡಿಸಿದರು ಎಂಬ ವಿವರಗಳಿರುವ ವಿದ್ಯುನ್ಮಾನ ಪ್ರಯಾಣ ವಹಿಯನ್ನೂ ಇಡಬೇಕು. ನಿಮ್ಮ ನೋಟಿಸಿನಲ್ಲಿ ಅಧಿಕಾರಪತ್ರದ ಪ್ರತಿಯನ್ನೂ ಆ ವಹಿಯನ್ನೂ ಹಿಂದಿನ ಮಾಲೀಕರೊಂದಿಗೆ ಮಾಡಿಕೊಂಡ ಕರಾರನ್ನೂ ತಪ್ಪದೆ ಕೇಳಿ. ಕೊಟ್ಟರೆ ಸಂಖ್ಯೆ ಎಲ್ಲಿ ಬದಲಾಯಿತೆಂಬುದು ತಿಳಿಯುತ್ತದೆ, ಕೊಡದಿದ್ದರೆ ಆ ಸಂಗತಿಯೇ ನಿಮ್ಮ ದೂರಿಗೆ ಬಲ.

ನೋಟಿಸನ್ನು ವಕೀಲರ ಮೂಲಕ ಕಳಿಸಿದರೆ ಒಳ್ಳೆಯದು, ನೀವೇ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೂ ಆದೀತು. ಆದರೆ ಏನು ಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಕಾರು ವಾಪಸು ಕೊಟ್ಟು ಹಣ ಕೇಳುವುದು ಒಂದು ದಾರಿ, ಕಾರನ್ನು ಇಟ್ಟುಕೊಂಡು ಬೆಲೆಯ ವ್ಯತ್ಯಾಸವನ್ನು ಕೇಳುವುದು ಇನ್ನೊಂದು. ವಾಪಸು ಕೊಡುವುದಾದರೆ ಹಾಗೆಂದು ಬೇಗ ತಿಳಿಸಿ, ಅಲ್ಲಿಂದ ಕಾರನ್ನು ಹೆಚ್ಚು ಓಡಿಸಬೇಡಿ. ಮೋಸ ತಿಳಿದ ಮೇಲೂ ತಿಂಗಳುಗಟ್ಟಲೆ ಬಳಸಿದರೆ ನೀವು ಕರಾರನ್ನು ಒಪ್ಪಿಕೊಂಡಿರೆಂಬ ವಾದಕ್ಕೆ ನೀವೇ ಎಡೆ ಮಾಡಿಕೊಟ್ಟಂತೆ. ಇಟ್ಟುಕೊಳ್ಳುವುದಾದರೆ ಪರವಾನಗಿ ಇರುವ ಸರ್ವೇಯರ್ ಒಬ್ಬರಿಂದ, ಅದೇ ಮಾದರಿಯ ಕಾರು 38 ಸಾವಿರ ಓಡಿದ್ದರೆ ಬೆಲೆ ಎಷ್ಟು, ಲಕ್ಷ ದಾಟಿದ್ದರೆ ಎಷ್ಟು ಎಂಬ ಮೌಲ್ಯಮಾಪನ ಮಾಡಿಸಿ. ನನ್ನ ಅಭಿಪ್ರಾಯ ಕೇಳುವುದಾದರೆ, ನಿಮ್ಮ ಪ್ರಕರಣದಲ್ಲಿ ಕಾರನ್ನು ಹಿಂದಿರುಗಿಸುವ ದಾರಿಯೇ ಸರಿ. 2022ರ ನಂತರ ಆ ಕಾರು ಎಷ್ಟು ಓಡಿದೆಯೆಂಬುದಕ್ಕೆ ದಾಖಲೆಯಿಲ್ಲ, ಅಂಥ ಕಾರನ್ನು ನಂಬಿ ವಯಸ್ಸಾದವರನ್ನು ಕೂರಿಸಿಕೊಂಡು ಘಾಟಿ ಇಳಿಯುವುದು ಬೇಡ.

ನೋಟಿಸಿಗೆ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಯವು. ನೀವು ಕೊಟ್ಟಿರುವುದು 5 ಲಕ್ಷದೊಳಗೆ ಇರುವುದರಿಂದ ದೂರಿಗೆ ಶುಲ್ಕವೇ ಇಲ್ಲ. ಮಳಿಗೆ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬೆಂಗಳೂರು ನಗರದ ಆಯೋಗಗಳು ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿವೆ, ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಕಾಲಮಿತಿ ಎರಡು ವರ್ಷ. ಮೋಸ ತಿಳಿದ ದಿನದಿಂದ ಎಣಿಸಬೇಕೆಂಬ ವಾದಕ್ಕೆ ಅವಕಾಶವಿದ್ದರೂ ಅದನ್ನು ನೆಚ್ಚಿಕೊಂಡು ಕೂರದೆ, ಕಾರು ಕೊಂಡ ದಿನದಿಂದಲೇ ಎಣಿಸಿ ಆ ಅವಧಿಯೊಳಗೆ ದೂರು ಸಲ್ಲಿಸಿ. ಆಯೋಗವು ಬೆಲೆ ಹಿಂದಿರುಗಿಸುವಂತೆ, ಪರಿಹಾರ ಮತ್ತು ಖರ್ಚು ಕೊಡುವಂತೆ ಆದೇಶಿಸಬಹುದು. ಮೂರು ತಿಂಗಳೊಳಗೆ, ವಸ್ತುವಿನ ಪರೀಕ್ಷೆ ಬೇಕಾದಲ್ಲಿ ಐದು ತಿಂಗಳೊಳಗೆ, ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ, ಆದರೆ ನೀವು ಅದಕ್ಕಿಂತ ಹೆಚ್ಚಿನ ಸಮಯಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡಿರಿ. ಇದಕ್ಕೆಲ್ಲ ಮುಂಚೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ದೂರು ದಾಖಲಿಸುವುದರಿಂದ ನಷ್ಟವೇನಿಲ್ಲ. ಮೊಕದ್ದಮೆಯಾಗುವ ಮುಂಚೆಯೇ ಮಾತುಕತೆಗೆ ಒಪ್ಪುವ ವ್ಯಾಪಾರಿಗಳೂ ಇದ್ದಾರೆ.

ಪ್ರಶ್ನೆ: ನಾನು ಕೊಂಡದ್ದು ಡೀಲರಿಂದಲ್ಲ, ಜಾಹೀರಾತು ನೋಡಿ ಒಬ್ಬ ಖಾಸಗಿ ವ್ಯಕ್ತಿಯಿಂದ. ಮೀಟರ್ ಇಳಿಸಿರುವುದು ಈಗ ತಿಳಿದಿದೆ. ಗ್ರಾಹಕ ಆಯೋಗ ನನ್ನ ದೂರು ತೆಗೆದುಕೊಳ್ಳುವುದೇ, ಅಥವಾ ಪೊಲೀಸರ ಬಳಿ ಹೋಗಬೇಕೇ? — ಬಸವನಗುಡಿಯ ಓದುಗರು

ಉತ್ತರ: ತಮ್ಮ ಸ್ವಂತ ಕಾರನ್ನು ಒಮ್ಮೆ ಮಾರಿದ ವ್ಯಕ್ತಿ ವ್ಯಾಪಾರಿಯಲ್ಲದ ಕಾರಣ ಗ್ರಾಹಕ ಆಯೋಗದ ದಾರಿ ನಿಮಗೆ ಸಾಮಾನ್ಯವಾಗಿ ತೆರೆದಿರುವುದಿಲ್ಲ. ಆದರೂ ಒಂದು ವಿಷಯವನ್ನು ಪರಿಶೀಲಿಸಿ. ಆರ್‌ಸಿಯಲ್ಲಿದ್ದ ಹೆಸರೂ ನಿಮ್ಮಿಂದ ಹಣ ಪಡೆದವರ ಹೆಸರೂ ಒಂದೇ ಆಗಿತ್ತೇ? ಅದೇ ಫೋನ್ ಸಂಖ್ಯೆಯಿಂದ ಬೇರೆ ಕಾರುಗಳ ಜಾಹೀರಾತುಗಳೂ ಇವೆಯೇ? ಮಾಲೀಕರ ಸೋಗಿನಲ್ಲಿ ಮಾರುವ ದಲ್ಲಾಳಿಗಳು ನಗರದಲ್ಲಿ ಬೇಕಾದಷ್ಟಿದ್ದಾರೆ, ಅದು ಸಾಬೀತಾದರೆ ಪ್ರಕರಣದ ಸ್ವರೂಪವೇ ಬದಲಾಗುತ್ತದೆ.

ನಿಜಕ್ಕೂ ಖಾಸಗಿ ವ್ಯಕ್ತಿಯೇ ಆಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು, ಅದಕ್ಕೆ ಮೂರು ವರ್ಷಗಳ ಕಾಲಾವಕಾಶವಿದೆ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಓಡೋಮೀಟರ್ ತಿದ್ದುವುದನ್ನೇ ಹೆಸರಿಸಿ ಶಿಕ್ಷಿಸುವ ಪ್ರತ್ಯೇಕ ಕಲಂ ಇಲ್ಲ, ಇದು ದೊಡ್ಡ ಕೊರತೆಯೆಂದು ನಾನು ಬಹುಕಾಲದಿಂದ ಹೇಳುತ್ತ ಬಂದಿದ್ದೇನೆ. ಆದರೆ ಮೋಸ ಮೋಸವೇ. 2024ರ ಜುಲೈ 1ರ ನಂತರದ ವ್ಯವಹಾರವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 318, ಅದಕ್ಕೂ ಹಿಂದಿನದಾದರೆ ಭಾರತೀಯ ದಂಡ ಸಂಹಿತೆಯ ಕಲಂ 420 ಅನ್ವಯಿಸುತ್ತದೆ, ಎರಡರಲ್ಲಿಯೂ ಏಳು ವರ್ಷಗಳವರೆಗೆ ಜೈಲುಶಿಕ್ಷೆಗೆ ಅವಕಾಶವಿದೆ. ಠಾಣೆಗೆ ಹೋಗುವಾಗ ಮನದಲ್ಲಿರಬೇಕಾದದ್ದು ಇಷ್ಟು: ಮಾರುವವರಿಗೆ ಸಂಖ್ಯೆ ಸುಳ್ಳೆಂದು ಗೊತ್ತಿತ್ತು ಎಂಬುದಕ್ಕೆ ಆಧಾರ ಬೇಕು. ಅವರ ಹೆಸರಿನಲ್ಲಿಯೇ ದೊಡ್ಡ ಸಂಖ್ಯೆಯ ಜಾಬ್ ಕಾರ್ಡ್ ಇದ್ದು, ಅದಾದ ಮೇಲೆ ಅವರೇ ಚಿಕ್ಕ ಸಂಖ್ಯೆ ಹೇಳಿ ಮಾರಿದ್ದರೆ ಅದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ. ಅವರೂ ಇನ್ನೊಬ್ಬರಿಂದ ಮೋಸಹೋದವರೇ ಆಗಿದ್ದರೆ ಠಾಣೆಗಿಂತ ಮಾತುಕತೆಯೇ ಮೇಲು.

ಪ್ರಶ್ನೆ: ಮೊದಲ ಕಾರು ಕೊಳ್ಳುವ ತಯಾರಿಯಲ್ಲಿದ್ದೇನೆ, ನನ್ನ ಅಳತೆಗೆ ಸೆಕೆಂಡ್ ಹ್ಯಾಂಡ್ ಕಾರೇ ಸರಿ. ಮೀಟರ್ ತಿದ್ದಿದ್ದರೆ ಸ್ಕ್ಯಾನರ್ ಹಾಕಿದ ಕೂಡಲೇ ಗೊತ್ತಾಗುತ್ತದೆ ಎಂದು ಗೆಳೆಯರೊಬ್ಬರು ಹೇಳುತ್ತಾರೆ. ಅಷ್ಟೇ ಸಾಕೇ? ಕಡಿಮೆ ಓಡಿದ ಕಾರನ್ನೇ ಹುಡುಕಬೇಕೇ? — ಯಲಹಂಕ ಉಪನಗರದ ಓದುಗರು

ಉತ್ತರ: ಸ್ಕ್ಯಾನರ್ ಉಪಯುಕ್ತವೇ, ಆದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಕಾಗದ, ಆಮೇಲೆ ಕಣ್ಣು, ಆಮೇಲೆ ಯಂತ್ರ. ಕಾಗದಕ್ಕೆ ಮೊದಲ ಸ್ಥಾನ ಏಕೆಂದರೆ, ಕಾರನ್ನು ಮಾರುವುದರಲ್ಲಿ ಯಾವ ಲಾಭವೂ ಇಲ್ಲದ ಮೂರನೆಯವರೊಬ್ಬರು, ಮಾರುವ ಯೋಚನೆಯೇ ಇಲ್ಲದ ಒಂದು ದಿನ, ತಾರೀಖಿನ ಪಕ್ಕದಲ್ಲಿ ಬರೆದಿಟ್ಟ ಕಿಲೋಮೀಟರ್ ಸಂಖ್ಯೆಗಿಂತ ನಂಬಲರ್ಹವಾದದ್ದು ಇನ್ನೊಂದಿಲ್ಲ.

ಒಮ್ಮೆ ಬಂಪರ್ ಜಖಂಗೊಂಡ ಕಾರೊಂದರ ಸರ್ವೇಗೆ ಹೋಗಿದ್ದೆ. ನಂಬರ್ ಎಲ್ಲೋ ನೋಡಿದ್ದೆನಲ್ಲ ಎನ್ನಿಸಿತು. ಮನೆಗೆ ಬಂದು ಹಳೆಯ ಕಡತ ತೆಗೆದರೆ, ಎರಡು ವರ್ಷ ಹಿಂದೆ ಅದೇ ಕಾರಿನ ಬಾಗಿಲಿಗೆ ಪೆಟ್ಟಾದಾಗ ನಾನೇ ಬರೆದ ವರದಿ ಸಿಕ್ಕಿತು. ಅದರಲ್ಲಿ ನನ್ನದೇ ಕೈಬರಹದಲ್ಲಿ 1,12,460 ಎಂದಿತ್ತು. ಅಂದು ಮಧ್ಯಾಹ್ನ ನಾನು ಮೀಟರಿನಲ್ಲಿ ಕಂಡು ಬರೆದುಕೊಂಡದ್ದು 61 ಸಾವಿರ ಚಿಲ್ಲರೆ. ಮರುದಿನ ಗ್ಯಾರೇಜಿನಲ್ಲಿ ಆ ಕಡತವನ್ನು ಹೊಸ ಮಾಲೀಕರ ಮುಂದಿಟ್ಟಾಗ ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ, ಒಮ್ಮೆ ಕಾಗದವನ್ನು, ಒಮ್ಮೆ ಡ್ಯಾಶ್‌ಬೋರ್ಡನ್ನು ನೋಡುತ್ತ ನಿಂತರು. ಮೆಕ್ಯಾನಿಕ್ ಮೀಟರ್ ಬೋರ್ಡಿನ ಸುತ್ತಲ ಪ್ಲಾಸ್ಟಿಕ್ ಚೌಕಟ್ಟನ್ನು ಮೆಲ್ಲಗೆ ಎತ್ತಿ ತೋರಿಸಿದರು. ನಾಲ್ಕು ಸ್ಕ್ರೂಗಳಲ್ಲಿ ಮೂರರ ತಲೆ ತಿರುಪುಳಿ ಜಾರಿ ಗೀರಿಹೋಗಿತ್ತು, ನಾಲ್ಕನೆಯದು ಬೇರೆ ಬಣ್ಣದ್ದಾಗಿತ್ತು.

ಆದ್ದರಿಂದ ಮಾರುವವರನ್ನು ಕೇಳಬೇಕಾದ ಕಾಗದಗಳಲ್ಲಿ ಮೊದಲನೆಯದು ಸರ್ವೀಸ್ ಹಿಸ್ಟರಿ. ಅದನ್ನು ಅವರು ಕೊಟ್ಟ ಝೆರಾಕ್ಸ್ ಪ್ರತಿಯಲ್ಲಿ ನೋಡಿ ಸುಮ್ಮನಾಗಬೇಡಿ, ಅವರನ್ನೇ ಜೊತೆಗೆ ಕರೆದುಕೊಂಡು ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿ, ಅವರ ಒಪ್ಪಿಗೆಯಿಂದ ಅಲ್ಲಿಯೇ ತೆಗೆಸಿ. ‘ಹೊರಗಿನ ಗ್ಯಾರೇಜಿನಲ್ಲಿ ಮಾಡಿಸುತ್ತಿದ್ದೆ’ ಎನ್ನುವವರೂ ಪ್ರಾಮಾಣಿಕರಿರುತ್ತಾರೆ. ಆಗಲೂ ಉಚಿತ ಸರ್ವೀಸುಗಳ ಕಾಲದ ದಾಖಲೆಗಳು ಸಿಕ್ಕೇ ಸಿಗುತ್ತವೆ. ಮೊದಲ ಎರಡು ವರ್ಷದಲ್ಲಿ 30 ಸಾವಿರ ಓಡಿದ ಕಾರು ಮುಂದಿನ ಐದು ವರ್ಷದಲ್ಲಿ 8 ಸಾವಿರ ಮಾತ್ರ ಓಡಿತೆಂದರೆ ಅದಕ್ಕೆ ಕಾರಣವನ್ನು ಕೇಳುವ ಹಕ್ಕು ನಿಮಗಿದೆ. ಎರಡನೆಯದು ವಿಮಾ ಪಾಲಿಸಿ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ ಶೇ 50ಕ್ಕೆ ಮುಟ್ಟುತ್ತದೆ. ಏಳು ವರ್ಷದಿಂದ ಒಬ್ಬರೇ ಮಾಲೀಕರಿರುವ ಕಾರಿನ ಪಾಲಿಸಿಯಲ್ಲಿ ಅದು ಶೇ 20ರಲ್ಲಿಯೇ ಇದ್ದರೆ ಇತ್ತೀಚೆಗೆ ಕ್ಲೇಮ್ ಆಗಿರುವ ಸಾಧ್ಯತೆ ಹೆಚ್ಚು, ಆ ಕ್ಲೇಮಿನ ಸರ್ವೇ ವರದಿಯಲ್ಲಿ ಕಿಲೋಮೀಟರ್ ಸಂಖ್ಯೆ ಇದ್ದೇ ಇರುತ್ತದೆ. ಮೂರನೆಯದು ಫಾಸ್ಟ್ಯಾಗ್ ಖಾತೆಯ ವಿವರ. ‘ಮನೆಯಿಂದ ಆಫೀಸಿಗೆ ಮಾತ್ರ’ ಎನ್ನುವ ಕಾರು ವಾರವಾರವೂ ಮೈಸೂರು ದಾರಿಯ ಟೋಲ್ ದಾಟಿದ್ದರೆ ಸುಮ್ಮನೆ ಗುಣಿಸಿ ನೋಡಿ: ಹೋಗಿಬರಲು ಸುಮಾರು 290 ಕಿಲೋಮೀಟರ್, ವರ್ಷಕ್ಕೆ 50 ವಾರ ಎಂದರೆ ಅದೊಂದೇ 14,500.

ಬೆಂಗಳೂರಿನಲ್ಲಿ ವಿಶೇಷವಾಗಿ ನೋಡಬೇಕಾದ ಕಾರುಗಳು ಎರಡು ಬಗೆಯವು. ಟ್ಯಾಕ್ಸಿಯಾಗಿ ಓಡಿ ಆಮೇಲೆ ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದವು ಒಂದು ಬಗೆ. ಮೂರು ನಾಲ್ಕು ವರ್ಷದಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿದ ಇಂಥ ಕಾರಿಗೆ ಹೊಸ ಸೀಟ್ ಕವರ್ ಹಾಕಿ, ಮೀಟರ್ ಇಳಿಸಿದರೆ ಮೇಲ್ನೋಟಕ್ಕೆ ಏನೂ ತಿಳಿಯದು. ಆದರೆ ಆರ್‌ಟಿಒ ದಾಖಲೆಯಲ್ಲಿ ಆ ಬದಲಾವಣೆ ಇರುತ್ತದೆ, ಬಾಗಿಲಿನ ಅಂಚಿನಲ್ಲಿಯೋ ಗಾಜಿನ ಮೂಲೆಯಲ್ಲಿಯೋ ಹಳೆಯ ಸ್ಟಿಕ್ಕರಿನ ಕಲೆ ಉಳಿದಿರುತ್ತದೆ. ಇನ್ನೊಂದು ಬಗೆ ದೆಹಲಿಯಿಂದ ಬಂದವು. ಅಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ವಯಸ್ಸಾಗುತ್ತಿರುವ ಕಾರುಗಳು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಪಡೆದು ಬೇರೆ ರಾಜ್ಯಗಳಿಗೆ ಬರತೊಡಗಿದವು. ಎಲ್ಲವೂ ಕೆಟ್ಟವಲ್ಲ, ಆದರೆ ಸರ್ವೀಸ್ ದಾಖಲೆ ನೋಡದೆ ಯಾವುದನ್ನೂ ಕೊಳ್ಳಬೇಡಿ.

ಕಣ್ಣಿನ ಪರೀಕ್ಷೆಯಲ್ಲಿ ಟೈರಿನಿಂದ ಆರಂಭಿಸಿ. ಅದರ ಪಕ್ಕದ ಮೇಲೆ ನಾಲ್ಕು ಅಂಕಿಗಳಿರುತ್ತವೆ: 2317 ಎಂದಿದ್ದರೆ 2017ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದ ಟೈರು. 25 ಸಾವಿರ ಓಡಿದೆ ಎನ್ನುವ ಕಾರಿನ ನಾಲ್ಕೂ ಟೈರುಗಳು ಕಾರಿಗಿಂತ ನಾಲ್ಕು ವರ್ಷ ಕಿರಿಯವಾಗಿದ್ದರೆ, ಮೊದಲ ಟೈರುಗಳು ಅಷ್ಟು ಬೇಗ ಏಕೆ ಮುಗಿದವೆಂದು ಕೇಳಿ. ಪೆಡಲ್ ರಬ್ಬರ್, ಗೇರ್ ನಾಬ್, ಸ್ಟೀರಿಂಗ್ ಕವರ್ ಇವೆಲ್ಲ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ಸಿಗುತ್ತವೆ, ಆದ್ದರಿಂದ ಅವು ಸವೆದಿಲ್ಲವೆಂಬುದು ಸಮಾಧಾನಕ್ಕೆ ಕಾರಣವಾಗದು. ಕಡಿಮೆ ಓಡಿದ ಕಾರಿಗೆ ಹೊಸ ಪೆಡಲ್ ರಬ್ಬರ್ ಏಕೆ ಬೇಕಾಯಿತು ಎಂದೇ ಕೇಳಬೇಕು. ಬದಲಿಸಲು ಯಾರಿಗೂ ನೆನಪಾಗದ ಜಾಗವೆಂದರೆ ಚಾಲಕರ ಸೀಟ್ ಬೆಲ್ಟ್. ಅದನ್ನು ಪೂರ್ತಿ ಹೊರಗೆ ಎಳೆಯಿರಿ. ಎದೆಯ ಮೇಲೆ ಹಾಯುವ ಭಾಗದ ಅಂಚು ಜುಬುರೆದ್ದು, ಬೆವರಿನಿಂದ ಬಣ್ಣ ಮಾಸಿ, ಒಳಗೆ ಸುತ್ತಿಕೊಂಡಿದ್ದ ಭಾಗ ಮಾತ್ರ ಹೊಸದರಂತಿದ್ದರೆ ಆ ಬೆಲ್ಟನ್ನು ಸಾವಿರಾರು ಸಲ ಹಾಕಿ ತೆಗೆದಿದ್ದಾರೆ. ಬಾನೆಟ್ ಎತ್ತಿ ಆಯಿಲ್ ಬದಲಿಸಿದಾಗ ಅಂಟಿಸುವ ಚೀಟಿ ಎಲ್ಲಾದರೂ ಉಳಿದಿದೆಯೇ ಎಂದೂ ಹುಡುಕಿ. ಮೀಟರ್ ಇಳಿಸುವವರು ಈ ಚೀಟಿಯನ್ನು ಮರೆಯುವುದುಂಟು.

ಈಗ ನಿಮ್ಮ ಗೆಳೆಯರ ಸ್ಕ್ಯಾನರ್. ಎಷ್ಟೋ ಕಾರುಗಳಲ್ಲಿ ಓಡಿದ ದೂರ ಮೀಟರ್ ಬೋರ್ಡಿನಲ್ಲಷ್ಟೇ ಅಲ್ಲದೆ ಎಂಜಿನ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ), ಗೇರ್ ಬಾಕ್ಸಿನ ನಿಯಂತ್ರಣ ಘಟಕಗಳಲ್ಲಿಯೂ ದಾಖಲಾಗುತ್ತದೆ, ದೋಷವೊಂದು ಕಾಣಿಸಿಕೊಂಡಾಗ ಆ ಕ್ಷಣದ ಕಿಲೋಮೀಟರನ್ನೂ ಕೆಲವು ಕಾರುಗಳು ಬರೆದಿಟ್ಟುಕೊಳ್ಳುತ್ತವೆ. ಮೀಟರಿನಲ್ಲಿ 40 ಸಾವಿರ ಇರುವಾಗ 85 ಸಾವಿರದಲ್ಲಿ ದಾಖಲಾದ ದೋಷ ಕಂಡರೆ ಮುಂದೆ ನೋಡುವುದೇನೂ ಇಲ್ಲ. ಆದರೆ ಎಲ್ಲ ಕಾರುಗಳೂ ಹೀಗೆ ಬರೆದಿಡುವುದಿಲ್ಲ, ಕೈಚಳಕ ಇರುವವರು ಈ ಘಟಕಗಳನ್ನೂ ತಿದ್ದಬಲ್ಲರು. ಹೊಂದಾಣಿಕೆಯಾಗದಿದ್ದರೆ ಮೋಸವೆಂದು ಹೇಳಬಹುದು, ಹೊಂದಾಣಿಕೆಯಾದ ಮಾತ್ರಕ್ಕೆ ಪ್ರಾಮಾಣಿಕವೆಂದು ಹೇಳಲಾಗದು.

ಎಂಜಿನ್ ಚಾಲೂ ಇದ್ದ ಒಟ್ಟು ಗಂಟೆಗಳನ್ನು ಕೆಲವು ಕಾರುಗಳ ಸ್ಕ್ಯಾನರ್ ತೋರಿಸುತ್ತದೆ, ಸಿಕ್ಕರೆ ಅದನ್ನು ಬಿಡಬೇಡಿ. ಟಾಮ್‌ಟಾಮ್ ಸಂಸ್ಥೆಯ 2023ರ ಸಂಚಾರ ಸೂಚ್ಯಂಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ 10 ಸೆಕೆಂಡ್ ಹಿಡಿಯಿತು, ಎಂದರೆ ಗಂಟೆಗೆ ಸುಮಾರು 21 ಕಿಲೋಮೀಟರ್ ವೇಗ. ಆ ಲೆಕ್ಕದಲ್ಲಿ 38 ಸಾವಿರ ಕಿಲೋಮೀಟರಿಗೆ ಸುಮಾರು 1,800 ಗಂಟೆ ಬೇಕು. ಸ್ಕ್ಯಾನರ್ 4,600 ಗಂಟೆ ತೋರಿಸಿದರೆ ಕಾರು ಏಳೆಂಟು ವರ್ಷ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ತೆವಳಿರಬೇಕಾಗುತ್ತದೆ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿಯೇ ಅದರ ಜೀವಮಾನ ಕಳೆದರೂ ಅದನ್ನು ನಂಬುವುದು ಕಷ್ಟ.

ಇದೇ ಲೆಕ್ಕ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಕೊಡುತ್ತದೆ. ಮೊದಲ ಗೇರಿನಲ್ಲಿ, ಕ್ಲಚ್ಚಿನ ಮೇಲೆ ಕಾಲಿಟ್ಟು, ನಗರದೊಳಗೆ 35 ಸಾವಿರ ಓಡಿದ ಕಾರಿಗಿಂತ, ಹೆದ್ದಾರಿಯಲ್ಲಿ 80 ಸಾವಿರ ಓಡಿ, ಪ್ರತಿ ಸರ್ವೀಸೂ ಹೊತ್ತಿಗೆ ಸರಿಯಾಗಿ ಆದ ಕಾರು ಎಷ್ಟೋ ವೇಳೆ ಗಟ್ಟಿಯಾಗಿರುತ್ತದೆ. ಕೊಳ್ಳುವವರೆಲ್ಲರೂ ಚಿಕ್ಕ ಸಂಖ್ಯೆಯನ್ನೇ ಹುಡುಕುವುದರಿಂದಲೇ ಸಂಖ್ಯೆಯನ್ನು ಚಿಕ್ಕದು ಮಾಡುವವರಿಗೆ ಕೆಲಸ ಸಿಗುತ್ತಿದೆ. ದಾಖಲೆಯಿರುವ 80 ಸಾವಿರದ ಕಾರಿಗೆ ಅದರ ಬೆಲೆ ಕೊಟ್ಟು ಕೊಳ್ಳಿ, ದಾಖಲೆಯಿಲ್ಲದ 30 ಸಾವಿರದ ಕಾರನ್ನು ಬಿಟ್ಟು ಬನ್ನಿ. ಬೆಲ್ಜಿಯಂನಲ್ಲಿ 2006ರಿಂದ ಗ್ಯಾರೇಜಿನವರು ಕಾರಿನ ಮೇಲೆ ಕೆಲಸ ಮಾಡಿದಾಗ ಮೀಟರಿನ ಸಂಖ್ಯೆಯನ್ನು ಒಂದು ಕೇಂದ್ರ ಸಂಸ್ಥೆಗೆ ಕಳಿಸುತ್ತಾರೆ, ಮಾರುವವರು ‘ಕಾರ್-ಪಾಸ್’ ಎಂಬ ಆ ದಾಖಲೆಯನ್ನು ಕೊಳ್ಳುವವರ ಕೈಗೆ ಕೊಡಲೇಬೇಕು. ನಮ್ಮ ದೇಶದ ವಾಹನ ನೋಂದಣಿಯ ‘ವಾಹನ್’ ದತ್ತಾಂಶದಲ್ಲಿ ಮಾಲೀಕರು, ವಿಮೆ, ಸಾಲ, ಹೊಗೆ ತಪಾಸಣೆ ಎಲ್ಲದರ ವಿವರವೂ ಇರುವಾಗ ಇನ್ನೊಂದು ಅಂಕಣ ಸೇರಿಸುವುದು ಅಸಾಧ್ಯವಾದ ಮಾತಲ್ಲ.

ಪ್ರಶ್ನೆ: ನನ್ನ ಕಾರಿನ ಮೀಟರ್ ಬೋರ್ಡು ಮಳೆನೀರು ಹೊಕ್ಕು ಕೆಟ್ಟು, ಸರ್ವೀಸ್ ಕೇಂದ್ರದಲ್ಲಿ ಹೊಸದನ್ನು ಹಾಕಿದರು. ಆಗ 71,300 ಇದ್ದದ್ದು ಹೊಸದರಲ್ಲಿ ಸೊನ್ನೆಯಿಂದ ಆರಂಭವಾಗಿ ಈಗ 16,850 ಆಗಿದೆ. ಕಾರು ಮಾರಬೇಕೆಂದಿದ್ದೇನೆ. ನಾಳೆ ನನ್ನನ್ನೇ ಮೋಸಗಾರ ಎಂದಾರೆಂಬ ಭಯ. — ಕೆಂಗೇರಿಯ ಓದುಗರು

ಉತ್ತರ: ಭಯ ಬೇಡ, ಆದರೆ ಮೌನವೂ ಬೇಡ. ಮೀಟರ್ ಬೋರ್ಡ್ ಬದಲಿಸುವುದು ತಪ್ಪಲ್ಲ, ಬದಲಿಸಿದ್ದನ್ನು ಮುಚ್ಚಿಟ್ಟು ಮಾರುವುದು ತಪ್ಪು. ಬದಲಿಸಿದ ದಿನದ ಬಿಲ್ಲಿನಲ್ಲಿ ಹಳೆಯ ಸಂಖ್ಯೆ ನಮೂದಾಗಿದೆಯೇ ನೋಡಿ, ಇಲ್ಲದಿದ್ದರೆ ಸರ್ವೀಸ್ ಕೇಂದ್ರದಿಂದ ಹಾಗೆಂದು ಒಂದು ಪತ್ರ ಪಡೆಯಿರಿ. ಜಾಹೀರಾತಿನಲ್ಲಿ 16,850 ಎಂದು ಹಾಕದೆ ಒಟ್ಟು ಸಂಖ್ಯೆಯಾದ 88,150ನ್ನೇ ಹಾಕಿ. ಬೆಲೆ ಸ್ವಲ್ಪ ಕಡಿಮೆಯಾದೀತು, ಆದರೆ ಕೊಳ್ಳುವವರಿಗೆ ಸಲ್ಲಬೇಕಾದ ಬೆಲೆಯೇ ಅದು. ಮೊದಲ ಫೋನ್ ಕರೆಯಲ್ಲಿಯೇ ವಿಷಯ ತಿಳಿಸಿ, ಕಾರನ್ನು ನೋಡಲು ಬಂದಾಗ ಬಿಲ್ಲನ್ನು ನೀವಾಗಿಯೇ ತೆಗೆದು ತೋರಿಸಿ.

ಮಾರಾಟ ಕರಾರಿನಲ್ಲಿ ಹೀಗೊಂದು ಸಾಲು ಬರೆಸಿ, ಇಬ್ಬರೂ ಅದರ ಪಕ್ಕದಲ್ಲಿ ಸಹಿ ಮಾಡಿ, ಆ ದಿನದ ಮೀಟರಿನ ಚಿತ್ರವೊಂದನ್ನು ಇಬ್ಬರ ಫೋನಿನಲ್ಲಿಯೂ ಇಟ್ಟುಕೊಳ್ಳಿ: ‘ಈ ವಾಹನದ ಮೂಲ ಮೀಟರ್ ಬೋರ್ಡು 71,300 ಕಿಲೋಮೀಟರ್ ತೋರಿಸುತ್ತಿದ್ದಾಗ ಕೆಟ್ಟಿದ್ದರಿಂದ ಬದಲಿಸಲಾಗಿದೆ, ಹೊಸ ಮೀಟರ್ ಇಂದು 16,850 ತೋರಿಸುತ್ತಿದೆ, ವಾಹನವು ಇಂದಿನವರೆಗೆ ಒಟ್ಟು 88,150 ಕಿಲೋಮೀಟರ್ ಓಡಿದೆಯೆಂದು ಮಾರುವವನು ಹೇಳಿದ್ದಾನೆ, ಬದಲಾವಣೆಯ ಬಿಲ್ಲನ್ನು ಕೊಳ್ಳುವವರಿಗೆ ಒಪ್ಪಿಸಿದ್ದಾನೆ.’ ಯಲಹಂಕದ ಓದುಗರೂ ತಾವು ಕೊಳ್ಳುವ ಕಾರಿನ ಕರಾರಿನಲ್ಲಿ ಈ ಸಾಲಿನಲ್ಲಿ ಒಟ್ಟು ಓಡಿದ ದೂರವನ್ನು ಹೇಳುವ ಭಾಗವನ್ನು, ಸಂಖ್ಯೆ ಬದಲಿಸಿ, ಬರೆಸಿಕೊಳ್ಳಬಹುದು. ಬರೆದುಕೊಡಲು ಮಾರುವವರು ಹಿಂದೆಮುಂದೆ ನೋಡಿದರೆ ಮುಂಗಡದ ಹಣವನ್ನು ಜೇಬಿನಿಂದ ತೆಗೆಯಬೇಡಿ.